ಕೌದಿ ಹಾಡಿನ ಕೆಳಗಿನ ದನಿ

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನಗೆ ಫೋನು ಮಾಡಿ ಮೊದಲು ಕೇಳುವುದು ಯಾವ ಸ್ಪೀಕರ್ ಕೊಳ್ಳಬೇಕು ಎಂದು. ಸ್ಪೀಕರ್ ಯಾವುದಾದರೂ ನಡೆಯುತ್ತದೆ. ಹಾಲ್ ಎಷ್ಟನೆಯ ಮಹಡಿಯಲ್ಲಿದೆ, ಲಿಫ್ಟ್ ಕೆಲಸ ಮಾಡುತ್ತದೆಯೇ, ಗಾಡಿ ಹಿಂಬಾಗಿಲವರೆಗೆ ಹೋಗುತ್ತದೆಯೇ, ಕರೆಂಟಿನ ಪಾಯಿಂಟ್ ವೇದಿಕೆಯಿಂದ ಎಷ್ಟು ದೂರ, ಇದನ್ನು ಕೇಳಿ. ಒಪ್ಪಿಕೊಳ್ಳುವ ಮೊದಲೇ ಕೇಳಿದರೆ ನಿಮ್ಮ ಸೊಂಟ ನನ್ನದಕ್ಕಿಂತ ಹತ್ತು ವರ್ಷ ಹೆಚ್ಚು ಬಾಳುತ್ತದೆ. ಒಪ್ಪಿಕೊಂಡ ಮೇಲೆ ಕೇಳಿದರೆ ಅದು ವಿಚಾರಣೆಯಲ್ಲ, ಗೋಳು.

ನಾನು ಬೇ ಏರಿಯಾದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕರೋಕೆ ನಡೆಸಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಯಂತ್ರ ಹಾಡಿನ ವಾದ್ಯಗಳನ್ನಷ್ಟೇ ನುಡಿಸುತ್ತದೆ, ಪರದೆಯ ಮೇಲೆ ಸಾಹಿತ್ಯ ಬರುತ್ತದೆ, ಹಾಡುವುದು ಜನ. ಯಂತ್ರ, ಸ್ಪೀಕರ್, ಮೈಕು, ವೈರುಗಳನ್ನು ಮಿನಿವ್ಯಾನಿನಲ್ಲಿ ಹೇರಿಕೊಂಡು ಹೋಗಿ ಜೋಡಿಸುವುದು, ಕೊನೆಯ ಹಾಡಿನವರೆಗೆ ಪಕ್ಕದಲ್ಲಿ ಕೂರುವುದು, ಬಿಚ್ಚಿ ಮತ್ತೆ ಹೇರಿಕೊಂಡು ಬರುವುದು ನನ್ನ ಪಾಲು. ಜನ ಇದನ್ನು ಸಂಗೀತದ ಕೆಲಸ ಎಂದುಕೊಳ್ಳುತ್ತಾರೆ. ಇದು ಹೊರುವ ಕೆಲಸ, ಕಾಯುವ ಕೆಲಸ. ನನಗೆ ಹಾಡಲು ಬರುವುದಿಲ್ಲ, ಹಾಡು ಎಂದು ಯಾರೂ ಕೇಳಿಯೂ ಇಲ್ಲ. ವೈರು ಸುತ್ತಿ ಸುತ್ತಿ ಬಲಗೈ ಹೆಬ್ಬೆರಳು ಈಗ ಚಪಾತಿ ಹಿಟ್ಟು ನಾದಲೂ ಒಪ್ಪುವುದಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ದಿನಾ ಸಂಜೆ ಸಾಲೆ ಬಿಟ್ಟ ಮೇಲೆ ಗಲ್ಲಾ ಪೆಟ್ಟಿಗೆಯ ಪಕ್ಕ ಕೂತು ಚೌಕಾಸಿ ಕಲಿತೆ. ಮದುವೆಯಾಗಿ ಸನ್ನಿವೇಲ್‌ಗೆ ಬಂದಾಗ ನನ್ನ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇರಲಿಲ್ಲ. ನಮ್ಮವರು ಆಫೀಸಿಗೆ ಹೋದರೆ ನಾನು ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜಿನ ಸದ್ದು ಕೇಳುತ್ತ ಕೂರುವುದು. ಗ್ರೀನ್ ಕಾರ್ಡ್ ಕೈಗೆ ಬರುವಷ್ಟರಲ್ಲಿ ಕಲಿತ ಬಿ.ಕಾಂ. ಮರೆತಿತ್ತು, ಚೌಕಾಸಿ ಮರೆತಿರಲಿಲ್ಲ. ಸ್ಯಾನ್ ಹೋಸೆಯಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಲ್ಲಿ ಕರೋಕೆ ಯಂತ್ರ ಕಂಡಿತು. ಅಂಗಡಿಯವನು ಬೆಲೆ ಇಳಿಸಲು ಒಪ್ಪಲಿಲ್ಲ. ಹಾಗಾದರೆ ಡಿಸ್ಕುಗಳನ್ನೆಲ್ಲ ಸೇರಿಸು ಎಂದೆ, ಸೇರಿಸಿದ. ಎರಡು ಭಾನುವಾರ ಮನೆಗೆ ಬಂದು ನನಗೆ ಕಲಿಸು ಎಂದೆ, ಅದಕ್ಕೂ ತಲೆಯಾಡಿಸಿದ. ನಿಮಗೂ ಇದನ್ನೇ ಹೇಳುತ್ತೇನೆ: ಬೆಲೆಯ ಮೇಲೆ ಹಟ ಹಿಡಿದವನ ಹತ್ತಿರ ಬೆಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಆ ಡಿಸ್ಕುಗಳಲ್ಲಿ ಹೆಚ್ಚಿನವು ಜಪಾನಿ ಹಾಡುಗಳು ಎಂದು ಮನೆಗೆ ಬಂದ ಮೇಲೆ ತಿಳಿಯಿತು. ನಮ್ಮವರು ಒಂದು ವಾರ ನಕ್ಕರು. "ಚೌಕಾಸಿ ಭಾರೀ ಆತು. ಇನ್ನ ಜಪಾನಿ ಗಿರಾಕಿ ಹುಡುಕು" ಎಂದರು.

ಹುಡುಕಿದೆ. ಓಕ್ಲ್ಯಾಂಡಿನಲ್ಲಿ ಜಪಾನಿ ಹಿರಿಯರ ಹಾಡುಕೂಟವೊಂದಿತ್ತು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬೌದ್ಧ ಮಂದಿರದ ಹಿಂದಿನ ಹಾಲ್‌ನಲ್ಲಿ ಸೇರುತ್ತಿದ್ದರು. ನಡೆಸುತ್ತಿದ್ದವರು ತನಾಬೆ-ಸಾನ್, ವಾರಾಂತ್ಯದ ಜಪಾನಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹೆಂಗಸು. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಇಷ್ಟು ವರ್ಷದಲ್ಲಿ ನನಗೆ ಮೇಲಧಿಕಾರಿ ಅಂತ ಯಾರಾದರೂ ಇದ್ದರೆ ಆಕೆಯೇ. ಅಲ್ಲಿಯವರು ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರದೂ ಕುಂಟು ಇಂಗ್ಲಿಷು, ನನ್ನದೂ ಅಷ್ಟೇ. ನನ್ನ ತಲೆಯಲ್ಲಿ ಆ ಮಾತೆಲ್ಲ ಹುಬ್ಬಳ್ಳಿ ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ಮೊದಲ ಭೇಟಿಯಲ್ಲಿ ಆಕೆ ಯಂತ್ರದ ಕಡೆ ನೋಡಲೇ ಇಲ್ಲ. ನನ್ನನ್ನು ಎದುರು ಕೂರಿಸಿಕೊಂಡು, "ಯಾರರ ಕೆಟ್ಟ ಹಾಡಿದ್ರ ನಿಮ್ಮ ಮಾರಿ ಹೆಂಗಿರ್ತದ?" ಎಂದು ಕೇಳಿದರು. ನಾನು ಸೌಂಡ್ ನೋಡಿಕೊಳ್ಳುತ್ತಿರುತ್ತೇನೆ, ಮುಖದ ಮೇಲೆ ಗಮನ ಇರುವುದಿಲ್ಲ ಎಂದೆ.

"ನಮಗ ಇರ್ತದ. ಚಲೋ ಹಾಡಿದವರಿಗೂ ಕೆಟ್ಟ ಹಾಡಿದವರಿಗೂ ಒಂದ ಮಾರಿ ಇಟ್ಕೋರಿ."

ಆಕೆಯ ಕಟ್ಟಳೆಗಳು ಇನ್ನೂ ಇದ್ದವು. ಒಬ್ಬರು ಹಾಡುವಾಗ ಬೇರೆ ಯಾರೂ ಜೊತೆಗೆ ಗುನುಗಬಾರದು, ಎದ್ದು ಹೋಗಬಾರದು, ತಿನ್ನಬಾರದು. ನಾನೂ ಎರಡು ಕೇಳಿದೆ: ಹಿಂಬಾಗಿಲ ಪಕ್ಕದ ಪಾರ್ಕಿಂಗು, ಬೆನ್ನಿರುವ ಕುರ್ಚಿ. ಪಾರ್ಕಿಂಗು ಅಂದೇ ಸಿಕ್ಕಿತು. ಕುರ್ಚಿಗೆ ಆಕೆ ಬಹಳ ದಿನ ಸತಾಯಿಸಿದರು, ಬೆನ್ನಿದ್ದರೆ ನಿದ್ದೆ ಬರುತ್ತದೆ ಎಂದು. ಸುಳ್ಳಲ್ಲ, ಬರುತ್ತಿತ್ತು.

ಯಂತ್ರದಲ್ಲಿ ಶ್ರುತಿ ಏರಿಸುವ ಇಳಿಸುವ ಗುಂಡಿಗಳಿರುತ್ತವೆ. ಮೂಲ ಹಾಡಿನ ಎತ್ತರ ನಿಮ್ಮ ಗಂಟಲಿಗೆ ಎಟುಕದಿದ್ದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಂದೆರಡು ಮನೆ ಇಳಿಸಿಕೊಳ್ಳಬಹುದು. ತೊಂದರೆಯೆಂದರೆ, ಹಾಡಿನ ನಡುವೆ ಇಳಿಸಿದರೆ ಎಷ್ಟು ಇಳಿಸಿದೆ ಎಂಬ ಅಂಕೆ ಪರದೆಯ ಮೂಲೆಯಲ್ಲಿ ಮೂಡುತ್ತದೆ. ನಮ್ಮ ಕನ್ನಡದವರ ಪಾರ್ಟಿಗಳಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಗಮನಿಸಿದರೂ, "ಇನ್ನೂ ಇಳ್ಸಿ ಆಂಟಿ, ಗರಾಜ್ ತನಕ ಹೋಗ್ಲಿ" ಎಂದು ಹಾಡುವವನೇ ನಗುತ್ತಾನೆ. ಓಕ್ಲ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಒಂದು ಪದ್ಧತಿಯಿತ್ತು. ತಮ್ಮ ಹಾಡು ಯಾವುದೆಂದು ಹೇಳಲು ನನ್ನ ಮೇಜಿಗೆ ಬಂದವರು ಮೇಜಿನ ಅಂಚಿನ ಕೆಳಗೆ ಬೆರಳು ತೋರಿಸುತ್ತಿದ್ದರು. ಎರಡು ಬೆರಳೆಂದರೆ ಎರಡು ಮನೆ ಇಳಿಸು ಎಂದು. ಪರದೆ ಇನ್ನೂ ಕಪ್ಪಾಗಿರುವಾಗಲೇ ನಾನು ಒತ್ತಿಬಿಡಬೇಕು. ಯಾರ ಗಂಟಲು ಎಷ್ಟು ಇಳಿದಿದೆ ಎನ್ನುವುದು ಅವರಿಗೆ ಗೊತ್ತು, ನನಗೆ ಗೊತ್ತು, ಮೂರನೆಯವರಿಗಿಲ್ಲ. ವರ್ಷ ಕಳೆದಂತೆ ಬೆರಳುಗಳು ಹೆಚ್ಚಾಗುತ್ತ ಹೋದವು.

ಒಮ್ಮೆ ನನಗೆ ಜ್ವರ ಬಂದು ನಮ್ಮವರನ್ನು ಕಳಿಸಿದೆ. ಅವರು ಇಂಜಿನಿಯರು, ಗುಂಡಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಬ್ಬ ಮುದುಕರು ಮೇಲಿನ ಸ್ವರಕ್ಕೆ ಒದ್ದಾಡುವುದನ್ನು ನೋಡಿ ಕನಿಕರಪಟ್ಟು ಹಾಡಿನ ನಡುವೆಯೇ ಮೂರು ಮನೆ ಇಳಿಸಿದರು. ಅಂಕೆ ಪರದೆಯಲ್ಲಿ ಮೂಡಿತು. ಮುದುಕರು ಹಾಡು ನಿಲ್ಲಿಸಿ, ಬಾಗಿ ನಮಸ್ಕರಿಸಿ, ಮೈಕು ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಚಹಾದ ಕಪ್ಪು ತೊಳೆಯುತ್ತ ನಿಂತರಂತೆ. ನಮ್ಮವರು ಅಲ್ಲಿಗೂ ಹೋಗಿ, ವಯಸ್ಸಾದಂತೆ ಗಂಟಲಿಗೆ ಏನಾಗುತ್ತದೆ ಎಂದು ವಿವರಿಸಿದರಂತೆ. ಮರುದಿನ ತನಾಬೆ-ಸಾನ್ ಫೋನು ಮಾಡಿ ನನ್ನ ಜ್ವರ ಹೇಗಿದೆ ಎಂದು ವಿಚಾರಿಸಿದರು. ಎಷ್ಟು ಹೊತ್ತು ವಿಚಾರಿಸಿದರೆಂದರೆ, ನನಗೆ ಇನ್ನು ಮುಂದೆ ಜ್ವರ ಬರಬಾರದು ಎಂದು ಅರ್ಥವಾಯಿತು. ನಿಮ್ಮ ಬದಲಿಗೆ ಯಾರನ್ನಾದರೂ ಕಳಿಸುವುದಿದ್ದರೆ ತಿಳಿದವರನ್ನಲ್ಲ, ಸುಮ್ಮನಿರಬಲ್ಲವರನ್ನು ಕಳಿಸಿ.

ಆ ಕೂಟದಲ್ಲಿ ಪ್ರತಿ ಸಲವೂ ಬೇಕೇ ಬೇಕಾಗಿದ್ದದ್ದು ಒಂದು ಜೋಡಿಯ ಹಾಡುಗಳು. ಗಂಡ ಹೆಂಡತಿ, ಇಬ್ಬರ ಕೈಯಲ್ಲೂ ಗಿಟಾರು. ಈ ಮುದುಕರೆಲ್ಲ ಹರೆಯದಲ್ಲಿದ್ದಾಗ ಜಪಾನಿನ ರೇಡಿಯೋ ಹಚ್ಚಿದರೆ ಅವರೇ ಇರುತ್ತಿದ್ದರಂತೆ. ನಮ್ಮ ಭಾವಗೀತೆಗಳ ಕ್ಯಾಸೆಟ್ಟಿನ ಕಾಲ ನೆನಪಿರುವವರಿಗೆ ಇದು ಎಂಥದ್ದೆಂದು ಬೇಗ ತಿಳಿಯುತ್ತದೆ: ದೊಡ್ಡ ಮಾತಿಲ್ಲ, ದೊಡ್ಡ ವಾದ್ಯಮೇಳವಿಲ್ಲ, ಮನೆಯೊಳಗೆ ನಡೆಯುವುದನ್ನೇ ಹಾಡುವುದು. ತನಾಬೆ-ಸಾನ್ ನನಗೆ ಒಂದೊಂದರ ಅರ್ಥ ಹೇಳಿದ್ದರು. ಅವುಗಳಲ್ಲಿ ಒಂದಕ್ಕೆ ನಾನು ಕೌದಿ ಹಾಡು ಎಂದು ಹೆಸರಿಟ್ಟೆ. ಹೊಸದಾಗಿ ಮದುವೆಯಾದವಳು ಬಾಲ್ಕನಿಯ ಕಂಬಿಗೆ ಹಾಸಿಗೆ ಹೊದಿಕೆ ಬಿಸಿಲಿಗೆ ಹಾಕುತ್ತಾಳೆ. ಮಳೆ ಬಂದೀತು ಅನ್ನುತ್ತಾಳೆ ಅವಳು, ಬರುವುದಿಲ್ಲ ಅನ್ನುತ್ತಾನೆ ಅವನು, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಳೆ ಬರುತ್ತದೆ. ಅಷ್ಟೇ. ರಾತ್ರಿ ಏನು ಹೊದ್ದು ಮಲಗಿದರು ಎಂದು ಹಾಡು ಹೇಳುವುದಿಲ್ಲ.

ಆ ಹಾಡಿನ ರಾಗವನ್ನು ಹೆಂಡತಿ ಹಾಡುತ್ತಾಳೆ. ಅದೇ ಹೊತ್ತಿಗೆ ಅದೇ ಮಾತನ್ನು ಗಂಡ ಕೆಳಗಿನ ಸ್ವರಗಳಲ್ಲಿ ಹಿಡಿದಿರುತ್ತಾನೆ. ನಾವು ಕೇಳಿ ಬೆಳೆದ ಹಾಡಿನಲ್ಲಿ ಹೀಗೆ ಇಬ್ಬರು ಒಟ್ಟಿಗೆ ಎರಡು ದಾರಿಯಲ್ಲಿ ನಡೆಯುವುದಿಲ್ಲ. ಹಾಗಾಗಿ ಮೊದಮೊದಲು ಗಂಡಸು ಅಪಸ್ವರ ಹಾಡುತ್ತಿದ್ದಾನೆ ಎಂದೇ ನಾನು ತಿಳಿದಿದ್ದೆ. ಕೇಳುತ್ತ ಕೇಳುತ್ತ ಕಿವಿಗೆ ಕೂತಿತು. ಕೆಳಗಿನ ದನಿ ಇದ್ದರೆ ಮೇಲಿನದು ತುಂಬಿಕೊಂಡು ಕೇಳುತ್ತದೆ. ಕೆಳಗಿನದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಹಾಡನ್ನು ಕೂಟದವರು ಹಯಾಶಿ ದಂಪತಿಗೆ ಬಿಟ್ಟುಕೊಟ್ಟಿದ್ದರು. ಹಯಾಶಿ-ಸಾನ್ ಸ್ಯಾನ್ ಮಟೆಯೊದಲ್ಲಿ ಡ್ರೈಕ್ಲೀನಿಂಗ್ ಅಂಗಡಿ ನಡೆಸಿ ನಿವೃತ್ತರಾದವರು. ಹೆಂಡತಿ ಕಿಯೊಕೊ-ಸಾನ್ ಅದೇ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಊರಿನವರ ಪ್ಯಾಂಟು ಗಿಡ್ಡ ಮಾಡಿದವರು. ಅಂಗಡಿಯ ಯಂತ್ರಗಳ ಸದ್ದಿನ ಮೇಲೆ ಹಾಡಿ ಹಾಡಿ ಆಕೆಯ ದನಿ ಮೈಕಿಲ್ಲದೆಯೂ ಹಾಲ್ ದಾಟುತ್ತಿತ್ತು. ಆತನದು ಮೈಕಿದ್ದರೂ ಅಷ್ಟಕ್ಕಷ್ಟೇ. ಹಾಡು ಮುಗಿದರೆ ಜನ ಆಕೆಯ ಸುತ್ತ ನಿಲ್ಲುತ್ತಿದ್ದರು. ಆತ ನನ್ನ ಮೇಜಿಗೆ ಬಂದು ಮೈಕು ಒಪ್ಪಿಸಿ ಹೋಗುತ್ತಿದ್ದರು.

ಈ ನಡುವೆ ಕೆಲಸವೇ ಬದಲಾಯಿತು. ಮೊದಲು ಡಿಸ್ಕಿನ ಪೆಟ್ಟಿಗೆಗಳು, ಒಂದೊಂದೂ ಅಕ್ಕಿ ಚೀಲದ ಭಾರ. ಆಮೇಲೆ ಅಷ್ಟೂ ಹಾಡು ಅಂಗೈಯಷ್ಟರ ಹಾರ್ಡ್ ಡಿಸ್ಕಿಗೆ ಬಂದವು. ನನ್ನ ಸೊಂಟಕ್ಕೆ ಆ ಸುದ್ದಿ ತಡವಾಗಿ ತಲುಪಿತು. ಆಮೇಲೆ ಫೋನು. ಈಗ ಎಲ್ಲರ ಜೇಬಿನಲ್ಲೂ ಹಾಡಿದೆ, ಮೈಕಿನಲ್ಲೇ ಸ್ಪೀಕರ್ ಇದೆ, ನಮ್ಮಂಥವರು ಯಾಕೆ ಬೇಕು. ಸನ್ನಿವೇಲ್‌ನ ಒಂದು ನಾಮಕರಣದಲ್ಲಿ ಫೋನಿನಿಂದ ದೇವರನಾಮ ಹಚ್ಚಿದರೆ ನಡುವೆ ಕಾರಿನ ವಿಮೆಯ ಜಾಹೀರಾತು ಬಂತು. ಅಜ್ಜಿ ಕೈಮುಗಿದುಕೊಂಡೇ ಅದನ್ನೂ ಕೇಳಿದರು. ಮೊಮ್ಮಗಳು ನನ್ನ ಕಡೆ ತಿರುಗಿ "ಆಂಟಿ, ಜಸ್ಟ್ ಸ್ಕಿಪ್ ಇಟ್" ಎಂದಳು. ಈ ಕೆಲಸ ಹಿಡಿಯುವುದಾದರೆ ನಿಮ್ಮ ಹಾಡುಗಳನ್ನು ನಿಮ್ಮದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಹಾಲ್‌ನ ಇಂಟರ್ನೆಟ್ಟನ್ನು ನಂಬಿ ಯಾರ ಮುಂದೆಯೂ ಕುರ್ಚಿ ಹಾಕಬೇಡಿ.

ಕೊರೊನಾ ಬಂದು ಹಾಲ್ ಮುಚ್ಚಿದಾಗ ಓಕ್ಲ್ಯಾಂಡಿನ ಕೂಟ ವಿಡಿಯೋ ಕಾಲ್‌ಗೆ ಬಂತು. ಅಲ್ಲಿ ಇಬ್ಬರು ಬೇರೆ ಬೇರೆ ಮನೆಯಿಂದ ಜೊತೆಗೂಡಿ ಹಾಡಲು ಆಗುವುದಿಲ್ಲ. ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ತಲುಪಿ ಎರಡೂ ಕಲಸಿಹೋಗುತ್ತವೆ. ಯುಗಳ ಗೀತೆ ಹಾಡಬಲ್ಲವರು ಒಂದೇ ಸೂರಿನ ಕೆಳಗೆ ಇರುವವರು ಮಾತ್ರ. ಕೂಟದಲ್ಲಿ ಹಲವರ ಜೊತೆಗಾರರು ಆಗಲೇ ತೀರಿಕೊಂಡಿದ್ದರು. ಹಾಗಾಗಿ ಎಲ್ಲರೂ ಹಯಾಶಿ ದಂಪತಿಯ ಸರದಿಗೆ ಕಾಯುತ್ತಿದ್ದರು. ಅವರಿಬ್ಬರು ಫಾಸ್ಟರ್ ಸಿಟಿಯ ಮನೆಯಲ್ಲಿ ಒಲೆಯ ಪಕ್ಕ ನಿಂತು ಹಾಡುವರು. ಹಿಂದಿನ ಕಿಟಕಿಯಲ್ಲಿ ಲಗೂನಿನ ಹಿನ್ನೀರು ಅಲ್ಲಾಡುತ್ತಿರುವುದು. ಪರದೆಯ ಸಣ್ಣ ಸಣ್ಣ ಚೌಕಗಳಲ್ಲಿ ಮುದುಕರು ಮುದುಕಿಯರು ಅಲ್ಲಾಡದೆ ಕೂತಿರುವರು.

ಹಾಲ್ ಮತ್ತೆ ತೆರೆದ ಮೇಲೆ ಕಿಯೊಕೊ-ಸಾನ್‌ಗೆ ಥೈರಾಯ್ಡಿನ ಶಸ್ತ್ರಚಿಕಿತ್ಸೆಯಾಯಿತು. ಜೀವಕ್ಕೇನೂ ಆಗಲಿಲ್ಲ, ಮೇಲಿನ ಸ್ವರಗಳು ಹೋದವು. ಆಕೆ ಬರುವುದನ್ನು ನಿಲ್ಲಿಸಿದರು. ಹಯಾಶಿ-ಸಾನ್ ಒಬ್ಬರೇ ಬಂದು ಚಹಾ ಹಿಡಿದು ಕೂತಿರುತ್ತಿದ್ದರು, ಹಾಡುತ್ತಿರಲಿಲ್ಲ. ಹಾಡಲು ಅವರ ಹತ್ತಿರ ಏನಿತ್ತು? ಅವರಿಗೆ ಬರುತ್ತಿದ್ದದ್ದು ಕೆಳಗಿನ ದನಿ. ಮೇಲೆ ರಾಗವಿಲ್ಲದೆ ಅದು ಹಾಡಾಗುವುದಿಲ್ಲ. ತನಾಬೆ-ಸಾನ್ ತಾನು ಜೊತೆಯಾಗುತ್ತೇನೆ ಎಂದು ಮುಂದೆ ಬಂದರು. ಈತ ಇವತ್ತು ಗಂಟಲು ಸರಿಯಿಲ್ಲ ಎಂದರು. ಮುಂದಿನ ತಿಂಗಳೂ ಸರಿಯಿರಲಿಲ್ಲ, ಅದರ ಮುಂದಿನ ತಿಂಗಳೂ ಇರಲಿಲ್ಲ.

ಒಂದು ಶನಿವಾರ ಜನವೆಲ್ಲ ಹೋದ ಮೇಲೆ ಹಯಾಶಿ-ಸಾನ್ ನನ್ನ ಮೇಜಿನ ಮುಂದೆ ಬಂದು ಅಂಚಿನ ಕೆಳಗೆ ಐದು ಬೆರಳು ಹಿಡಿದರು.

"ಆಕೀಗೆ ಇಷ್ಟು ಇಳಸ್ಬೇಕು. ವಸಂತದ ಕೂಟಕ್ಕ ಕರ್ಕೊಂಡು ಬರ್ತೀನಿ."

"ಆಕೀಗೆ ಇಳಸೋಣಂತ. ನೀವು ಎಲ್ಲಿ ಹೋಗ್ತೀರಿ?" ಎಂದೆ.

ಅವರಿಗೆ ಅದು ಹೊಳೆದಿರಲಿಲ್ಲ. ಬಿಚ್ಚಿದ್ದ ವೈರನ್ನು ಮತ್ತೆ ಜೋಡಿಸಿ, ಐದು ಮನೆ ಇಳಿಸಿ ಕೌದಿ ಹಾಡು ಹಚ್ಚಿದೆ. ಅವರು ತಮ್ಮ ದನಿ ಹಿಡಿಯಹೋದರು. ಎರಡನೆಯ ಸಾಲಿಗೆ ಬರೀ ಗಾಳಿ ಬಂತು.

"ನನ್ನ ಜಾಗಾನ ಇಲ್ಲ" ಎಂದರು.

ಬುದ್ಧಿವಂತಿಕೆ ಎಂದು ಹೇಳಿಕೊಳ್ಳುವುದಿಲ್ಲ, ಅಂಗಡಿಯ ಅಭ್ಯಾಸ. ಇರುವ ಮಾಲನ್ನೇ ಇಬ್ಬರ ನಡುವೆ ಅದಲು ಬದಲು ಮಾಡಿ ನೋಡುವುದು. ಶ್ರುತಿ ಮುಟ್ಟುವುದೇ ಬೇಡ ಎಂದೆ. ಆಕೆಯ ದನಿ ಈಗ ಇಳಿದು ನಿಂತಿರುವುದು ಇಷ್ಟು ವರ್ಷ ನೀವು ಹಾಡಿದ ಜಾಗದಲ್ಲಿ. ಅದನ್ನು ಆಕೆಗೆ ಬಿಟ್ಟುಕೊಡಿ, ರಾಗವನ್ನು ನೀವು ನಿಮ್ಮ ಗಂಡುದನಿಯಲ್ಲಿ ಹಾಡಿ.

"ರಾಗ ನನಗ ಬರೂದಿಲ್ಲ."

"ನಲವತ್ತು ವರ್ಷ ಪಕ್ಕದಾಗ ನಿಂತು ಕೇಳೀರಲ್ರಿ."

"ಕೇಳಿಲ್ಲ. ಕೇಳಿದ್ರ ನಂದು ತಪ್ತದ. ಕಿವಿ ಮುಚ್ಚಿದಂಗ ಮಾಡ್ಕೊಂಡ ಹಾಡೀನಿ."

ತಾನು ಹೇಳಿದರೆ ಕಿಯೊಕೊ-ಸಾನ್ ಕೇಳುವುದಿಲ್ಲವೆಂದು ಹಯಾಶಿ-ಸಾನ್ ನನ್ನನ್ನೇ ಫಾಸ್ಟರ್ ಸಿಟಿಗೆ ಕರೆದರು. ಮೊಣಕಾಲು ನೋವು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ನೋವು ಇತ್ತು ಕೂಡ. ಫ್ರೀವೇಯಲ್ಲಿ ತೆವಳುತ್ತ ಹೋದೆ. ಕಿಯೊಕೊ-ಸಾನ್ ನನ್ನ ಮುಂದೂ ಗಂಡನ ಮುಂದೂ ಚಹಾ ಇಟ್ಟರು. ದನಿ ಒಡೆದಿರಲಿಲ್ಲ, ಇಳಿದಿತ್ತು, ಮಾತಿನ ಕೊನೆ ಒಣಗುತ್ತಿತ್ತು.

"ಇವರು ಕರಿಸ್ಯಾರೇನ್ರಿ, ಸುಧಾ-ಸಾನ್?"

"ಹೌದ್ರಿ."

"ನಾ ಬರೂದಿಲ್ಲ. ಬಂದು ಹಾಡಿದ್ರ ಅವರೆಲ್ಲ ಚಪ್ಪಾಳಿ ಹೊಡೀತಾರ. ಬ್ಯಾರೆಯವರಿಗೆ ಆ ಚಪ್ಪಾಳಿ ನಾನೂ ಹೊಡದೀನಿ. ಎಂಥಾದ್ದು ಅಂತ ಗೊತ್ತದ."

ಇಲ್ಲ ಎಂದವರ ಎದುರು ಯಾಕೆ ಇಲ್ಲ ಎಂದು ವಾದಿಸಬೇಡಿ. ಕಾರಣ ಹೇಳುತ್ತ ಹೇಳುತ್ತ ಅವರ ಇಲ್ಲ ಗಟ್ಟಿಯಾಗುತ್ತದೆ. ಬರುವುದೇ ಆದರೆ ಯಾವ ಷರತ್ತಿನ ಮೇಲೆ ಎಂದು ಕೇಳಿದೆ. ಬರುವುದಿಲ್ಲ ಎಂದೆನಲ್ಲ ಎಂದರು. ಅದು ತಿಳಿಯಿತು, ಬರುವುದಾದರೆ ಎಂದೆ. ಆಕೆ ಬಟ್ಟಲು ತಿರುಗಿಸುತ್ತ ಕೂತರು. ಹೊಲಿಗೆಯವರು, ಅಳತೆ ಇಟ್ಟುಕೊಂಡೇ ಮಾತಾಡುವವರು. ಒಂದು, ಹಾಡುವ ಮೊದಲು ತನಾಬೆ-ಸಾನ್ ಎದ್ದು ಇವರಿಬ್ಬರ ಬಗ್ಗೆ ಪರಿಚಯದ ಮಾತು ಆಡಬಾರದು. ಎರಡು, ಕನಿಕರದ ಚಪ್ಪಾಳೆ ಬೀಳಬಾರದು. ಮೂರನೆಯದನ್ನು ಗಂಡನ ಕಡೆ ತಿರುಗಿ ಹೇಳಿದರು:

"ಈ ಸಲ ಕೆಟ್ರ ನಾ ಮತ್ತ ಹಾಡೂದಿಲ್ಲ. ಅಲ್ಲೂ ಇಲ್ಲ, ಈ ಮನ್ಯಾಗೂ ಇಲ್ಲ. ನೀವು ಮತ್ತ ಕೇಳಬಾರದು."

ಹಯಾಶಿ-ಸಾನ್ ಎದ್ದು ಸಿಂಕಿನ ಹತ್ತಿರ ಹೋಗಿ ನಿಂತರು. ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಬೆನ್ನು ಮಾಡಿಕೊಂಡೇ "ಆತು" ಎಂದರು. ವ್ಯವಹಾರ ಕುದುರಿತ್ತು. ಹೊರಗೆ ಬಂದು ಗಾಡಿಯಲ್ಲಿ ಕೂತಾಗ ನನಗೆ ಯಾಕೋ ಖುಷಿಯಾಗಲಿಲ್ಲ. ಆಕೆ ಹಾಡದಿದ್ದರೆ ಆತನಿಗೂ ಹಾಡಿಲ್ಲ. ಇಬ್ಬರ ಗಂಟಲನ್ನೂ ಒಂದೇ ಮಧ್ಯಾಹ್ನಕ್ಕೆ ಒತ್ತೆ ಇಟ್ಟು ಬಂದಿದ್ದೆ.

ಚಿಕ್ಕ ಯಂತ್ರವೊಂದನ್ನು ಅವರ ಮನೆಯಲ್ಲೇ ಬಿಟ್ಟು ಆಗಾಗ ಹೋಗಿ ನೋಡಿ ಬಂದೆ. ಕಿಯೊಕೊ-ಸಾನ್ ಕೆಳಗಿನ ದನಿಯನ್ನು ಒಂದೇ ದಿನದಲ್ಲಿ ಕಲಿತುಬಿಟ್ಟರು. ಕಲಿತು, ಗಂಡನನ್ನು ದುರುಗುಟ್ಟಿ ನೋಡಿದರು.

"ಇಷ್ಟ ಏನು? ಮೂರು ಸ್ವರದಾಗ ತಿರುಗಿದ್ದ ತಿರುಗೂದು. ಇದನ್ನ ಇಷ್ಟು ವರ್ಷ ಹಾಡಿದ್ರಿ?"

"ಹಾಡಿದೆ."

"ಬ್ಯಾಸರ ಆಗಲಿಲ್ಲ?"

"ಆಗ್ತಿತ್ತು."

ಹಯಾಶಿ-ಸಾನ್‌ಗೆ ರಾಗ ಮಾತ್ರ ಹತ್ತಲೊಲ್ಲದು. ಸಾಲಿನ ಮೊದಲಿಗೆ ಮೇಲೆ ಹತ್ತುವರು, ಕೊನೆ ಬರುವಷ್ಟರಲ್ಲಿ ಕಾಲು ಜಾರಿದವರಂತೆ ಹಳೆಯ ಜಾಗಕ್ಕೆ ಇಳಿದುಬಿಡುವರು. ಇಳಿದಾಗಲೆಲ್ಲ ಕಿಯೊಕೊ-ಸಾನ್ ಅಳತೆಯ ಟೇಪಿನಿಂದ ಅವರ ಮುಂಗೈಗೆ ತಟ್ಟುವರು. ಕೂಟದ ದಿನ ಹತ್ತಿರ ಬಂದಾಗ ಆರು ಸಲದಲ್ಲಿ ನಾಲ್ಕು ಸಲ ಸರಿಯಾಗುತ್ತಿತ್ತು. ಸಾಕು ಎಂದೆ. ಸಾಕಾಗಿದ್ದದ್ದು ನನಗೆ.

ತನಾಬೆ-ಸಾನ್‌ಗೆ ಷರತ್ತು ತಿಳಿಸಿದೆ. ಆಕೆ ತಲೆಯಾಡಿಸಿ, ಕೂಟದ ಒಬ್ಬೊಬ್ಬರಿಗೂ ತಾವೇ ಫೋನು ಮಾಡಿದರು.

ವಸಂತದ ಕೂಟಕ್ಕೆ ಹಾಲ್ ತುಂಬಿತ್ತು. ಮೈ ಸಾಕೆನ್ನುತ್ತಿತ್ತು, ನಾನು ಈ ಕೆಲಸ ಬಿಡುತ್ತೇನೆ ಎಂದು ಆ ದಿನ ಮುಗಿದ ಮೇಲೆ ತನಾಬೆ-ಸಾನ್‌ಗೆ ಹೇಳಿಬಿಡಬೇಕೆಂದು ನಿಶ್ಚಯಿಸಿ ಹೋಗಿದ್ದೆ. ಬೆಳಿಗ್ಗೆ ಸ್ಪೀಕರ್ ಇಳಿಸುವಾಗಲೇ ಕೈ ಸೋತಿತ್ತು. ಹಯಾಶಿ ದಂಪತಿಯ ಸರದಿ ಬಂದಾಗ ಪರಿಚಯದ ಮಾತಿಲ್ಲದೆ ಇಬ್ಬರೂ ಎದ್ದು ನಿಂತರು. ಮೊದಲ ಚರಣದಲ್ಲಿ ಹಯಾಶಿ-ಸಾನ್ ಮೇಲೆಯೇ ಇದ್ದರು. ದನಿ ನಡುಗುತ್ತಿತ್ತು, ಆದರೂ ರಾಗ ಇತ್ತು. ಕಿಯೊಕೊ-ಸಾನ್ ಕೆಳಗಿನಿಂದ ಹಿಡಿದುಕೊಂಡು ಹೋಗುತ್ತಿದ್ದರು. ನಾನು ಬೆನ್ನು ಕುರ್ಚಿಗೆ ಆನಿಸಿದೆ.

ಎರಡನೆಯ ಚರಣದಲ್ಲಿ, ಅವಳು ಮಳೆ ಬಂದೀತು ಅನ್ನುವಲ್ಲಿ, ಆತ ಇಳಿದುಬಿಟ್ಟರು. ಇಳಿದವರು ಮತ್ತೆ ಹತ್ತಲಿಲ್ಲ. ಈಗ ಇಬ್ಬರೂ ಕೆಳಗಿನ ದನಿಯನ್ನೇ ಹಾಡುತ್ತಿದ್ದರು. ರಾಗ ಹಾಡುವವರು ಯಾರೂ ಇರಲಿಲ್ಲ.

ಇಂಥ ಹೊತ್ತಿಗೆಂದೇ ಯಂತ್ರದಲ್ಲಿ ಒಂದು ಉಪಾಯವಿರುತ್ತದೆ. ಹಾಡಿನ ರಾಗವನ್ನು ಸಣ್ಣಗೆ ಕೊಳಲಿನಂಥ ದನಿಯಲ್ಲಿ ಯಂತ್ರವೇ ನುಡಿಸುತ್ತದೆ. ಕಲಿಯುವವರಿಗೆ ಅದನ್ನು ಏರಿಸುತ್ತೇವೆ, ಬಲ್ಲವರಿಗೆ ಪೂರ್ತಿ ಮುಚ್ಚಿರುತ್ತೇವೆ. ನನ್ನ ಬೆರಳು ಆ ಗುಂಡಿಯ ಮೇಲೆ ಹೋಯಿತು. ಸ್ವಲ್ಪ ಏರಿಸಿದರೆ ಆತನಿಗೆ ದಾರಿ ಸಿಗುತ್ತದೆ. ಹಾಲ್‌ನವರೆಲ್ಲರಿಗೂ ಅದು ಕೇಳಿಸುತ್ತದೆ. ಆಕೆಗೂ ಕೇಳಿಸುತ್ತದೆ. ಕಿಯೊಕೊ-ಸಾನ್ ಕಡೆ ನೋಡಿದೆ. ಆಕೆ ಓರೆಗಣ್ಣಿನಿಂದ ಗಂಡನನ್ನು ನೋಡಿದರು, ಕೈಯಲ್ಲಿ ಟೇಪು ಇರಲಿಲ್ಲ, ಹಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಗುಂಡಿ ತಿರುಗಿಸದೆ ಕೈ ಹಿಂದಕ್ಕೆ ತೆಗೆದುಕೊಂಡೆ.

ಯಾರೂ ಗುನುಗಲಿಲ್ಲ. ಗಿಟಾರು ನುಡಿಯುತ್ತಿತ್ತು, ಎರಡು ದನಿಗಳು ಆ ಮೂರು ಸ್ವರಗಳಲ್ಲೇ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದವು. ಕೂತವರ ಮುಖ ನೋಡಿದರೆ ತಿಳಿಯುತ್ತಿತ್ತು, ಅವರೆಲ್ಲ ರಾಗವನ್ನು ಕೇಳಿಸಿಕೊಳ್ಳುತ್ತಿದ್ದರು. ಅರ್ಧ ಆಯುಷ್ಯ ಕೇಳಿದ ಹಾಡು, ಹಾಡುವವರು ಬೇಕಾಗಿರಲಿಲ್ಲ. ಭಾಷೆ ಬಾರದ ನನಗೂ ಅದು ಎಲ್ಲಿ ಏರುತ್ತದೆ ಎಲ್ಲಿ ತಿರುಗುತ್ತದೆ ಎಂದು ಒಳಗೇ ಕೇಳುತ್ತಿತ್ತು.

ಹಾಡು ಮುಗಿಯಿತು. ಇಬ್ಬರೂ ತಲೆಬಾಗಿದರು. ಒಂದು ಚಪ್ಪಾಳೆಯೂ ಬೀಳಲಿಲ್ಲ.

ಎಲ್ಲರಿಗೂ ಫೋನು ಹೋಗಿತ್ತಲ್ಲ. ಕನಿಕರದ ಚಪ್ಪಾಳೆ ಬೇಡ ಎಂದಿದ್ದರೆ ಇವರು ಯಾವ ಚಪ್ಪಾಳೆಯನ್ನೂ ಹೊಡೆಯದೆ ಕೂತರು. ಕೈಗಳು ತೊಡೆಯ ಮೇಲೆ, ಕಣ್ಣು ತನಾಬೆ-ಸಾನ್ ಕಡೆ. ಆಕೆ ಕೂಡ ಅಲ್ಲಾಡಲಿಲ್ಲ. ಇಬ್ಬರೂ ಮೈಕು ಹಿಡಿದು ನಿಂತೇ ಇದ್ದರು. ಹಯಾಶಿ-ಸಾನ್ ಮುಖ ಬಿಳುಪಾಗಿತ್ತು, ಹೆಂಡತಿಯ ಕಡೆ ನೋಡುವ ಧೈರ್ಯವಿರಲಿಲ್ಲ. ನನ್ನ ಚೌಕಾಸಿ ನನ್ನ ಕಣ್ಣೆದುರಿಗೇ ಹೀಗೆ ಬಂದು ನಿಂತಿತ್ತು.

ಕಡೆಗೆ ತನಾಬೆ-ಸಾನ್ ಎದ್ದರು. ಮೊದಲು ಜಪಾನಿಯಲ್ಲಿ ಹೇಳಿದರು, ಹಾಲ್ ನಕ್ಕಿತು. ಆಮೇಲೆ ನನಗಾಗಿ ಇಂಗ್ಲಿಷಿನಲ್ಲಿ ಹೇಳಿದರು.

"ಕಿಯೊಕೊ-ಸಾನ್, ಇದು ಕನಿಕರ ಅಲ್ರಿ, ತಕರಾರು. ಇನ್ನೊಮ್ಮೆ ಹಾಡ್ರಿ. ಈ ಸಲ ರಾಗಾನೂ ಇರ್ಲಿ."

ಕಿಯೊಕೊ-ಸಾನ್ ಬಾಯಿಗೆ ಕೈ ಅಡ್ಡ ಹಿಡಿದರು. ಅಳುತ್ತಾರೆ ಎಂದುಕೊಂಡೆ. ಆಕೆ ನಗುತ್ತಿದ್ದರು, ಒಣ ಗಂಟಲಿನ ನಗು, ನಿಲ್ಲಲೊಲ್ಲದು. ನಕ್ಕು ಮುಗಿಸಿ ಗಂಡನ ಮುಂಗೈಗೆ ಎರಡು ಬೆರಳಿನಿಂದ ತಟ್ಟಿದರು.

"ನೀವು ಮ್ಯಾಲೆ ಇರ್ರಿ. ಇದು ಈಗ ನನ್ನ ಜಾಗ."

ಮತ್ತೆ ಹಚ್ಚಿದೆ. ಎರಡನೆಯ ಸಲ ಚೆನ್ನಾಗಿ ಹಾಡಿದರು ಎಂದು ಸುಳ್ಳು ಬರೆಯಲಾರೆ. ಆತ ಎರಡು ಕಡೆ ಜಾರಿದರು, ಎರಡೂ ಕಡೆ ಹತ್ತಿದರು. ಮುಗಿದಾಗ ಚಪ್ಪಾಳೆ ಬಿತ್ತು. ಅದು ಎಂಥ ಚಪ್ಪಾಳೆ ಎಂದು ತೂಕ ಮಾಡಿ ನೋಡುವವರಂತೆ ಕಿಯೊಕೊ-ಸಾನ್ ತಲೆ ಓರೆ ಮಾಡಿ ಕೇಳಿದರು. ಆಮೇಲೆ ಬಾಗಿದರು.

ಜನ ಹೊರಟ ಮೇಲೆ ಕಿಯೊಕೊ-ಸಾನ್ ನನ್ನ ಮೇಜಿನ ಹತ್ತಿರ ಬಂದರು. ನಾನು ತನಾಬೆ-ಸಾನ್ ಎಲ್ಲಿ ಎಂದು ಹುಡುಕುತ್ತಿದ್ದೆ, ಬಿಡುವ ಮಾತು ಇನ್ನೂ ಬಾಯಲ್ಲೇ ಇತ್ತು.

"ಮುಂದಿನ ತಿಂಗಳ ಇದು ಬ್ಯಾಡ್ರಿ" ಎಂದರು. "ಆ ಗಿಟಾರಿನ ಗಂಡ ಹೆಂಡತೀದ ಇನ್ನೊಂದು ಹಾಡದ, ದೋಣಿದು. ಅದರಾಗ ಕೆಳಗಿನ ದನಿಗೂ ಒಂದಿಷ್ಟು ಕೆಲಸ ಕೊಟ್ಟಾರ. ಅದನ್ನ ತಗದಿಡ್ರಿ."

ಹಿಂದೆ ಕುರ್ಚಿ ಮಡಚುತ್ತಿದ್ದ ಹಯಾಶಿ-ಸಾನ್ ಕೈ ನಿಲ್ಲಿಸಿದರು.

"ಅದರ ರಾಗಾನೂ ನನಗ ಬರೂದಿಲ್ಲ."

ಆಕೆ ತಿರುಗಿಯೂ ನೋಡಲಿಲ್ಲ.

"ಕಲೀರಿ" ಎಂದರು.